ಮಗಳ ತಂಡಕ್ಕೆ ಕೋಚ್ ಆದವನಿಗೆ

ಮಧುಗಿರಿ

ಪ್ರೀತಿಯ ಮಗನೇ,

ದೊಡ್ಡಪ್ಪನ ಆಶೀರ್ವಾದಗಳು. ನಾನೂ ನಿಮ್ಮ ದೊಡ್ಡಮ್ಮನೂ ಚೆನ್ನಾಗಿದ್ದೇವೆ.

ಮೊನ್ನೆ ಫೋನಿನಲ್ಲಿ ಪುಟ್ಟಿಯ ಸಾಫ್ಟ್‌ಬಾಲ್ ತಂಡದ ವಿಷಯ ಬಂದಾಗ ನೀನು ಹೇಳಿದ ಒಂದು ಮಾತು ಮನಸ್ಸಿನಿಂದ ಹೋಗುತ್ತಿಲ್ಲ. "ನನ್ನ ಮಗಳು ಅಂತ ಒಂಚೂರೂ ಬಿಡಲ್ಲ ದೊಡ್ಡಪ್ಪ. ಬೇರೆಯವರು ಬಾಲ್ ಬಿಟ್ಟರೆ ಮೈದಾನದ ಸುತ್ತ ಒಂದು ರೌಂಡು ಓಟ, ಪುಟ್ಟಿ ಬಿಟ್ಟರೆ ಎರಡು ರೌಂಡು" ಅಂದೆ. ಹೆಮ್ಮೆಯಿಂದಲೇ ಅಂದೆ. ಅದಕ್ಕೇ ಈ ಕಾಗದ. ಫೋನಿನಲ್ಲಾದರೆ ಮಾತಿಗೆ ಮಾತು ಬೆಳೆಯುತ್ತದೆ.

"ಕೋಚ್ ಮಗಳು, ಅದಕ್ಕೇ ಬಾಲ್ ಎಸೆಯೋ ಪಿಚರ್ ಮಾಡಿದ್ದಾನೆ" ಅಂತ ಬೇರೆ ಮಕ್ಕಳ ಅಪ್ಪ ಅಮ್ಮ ಆಡಿಕೊಳ್ಳಬಾರದು ಅನ್ನೋದು ನಿನ್ನ ಭಯ. ಆ ಭಯ ಸುಳ್ಳಲ್ಲ. ಆದರೆ ಅದಕ್ಕೆ ದಂಡ ತೆರುತ್ತಿರುವವಳು ಹನ್ನೊಂದು ವರ್ಷದ ಹುಡುಗಿ. ಮಗಳಿಗೆ ಜಾಸ್ತಿ ಕೊಟ್ಟರೆ ಪಕ್ಷಪಾತ ಅನ್ನುತ್ತೀಯಲ್ಲ, ಅವಳಿಂದ ಜಾಸ್ತಿ ಕಿತ್ತುಕೊಂಡರೂ ಅದು ಪಕ್ಷಪಾತವೇ. ಎಲ್ಲರಿಗೂ ಒಂದು ರೌಂಡಾದರೆ ಅವಳಿಗೂ ಒಂದೇ.

ನನ್ನ ಕೇಳಿದರೆ ಬಾಲ್ ಬಿಟ್ಟಿದ್ದಕ್ಕೆ ಓಡಿಸುವುದೇ ಬೇಡ. ಮಕ್ಕಳು ಬಾಲ್ ಬಿಡುವುದು ಸೋಮಾರಿತನಕ್ಕಲ್ಲ, ಮುಖಕ್ಕೆ ಬಡಿಯುತ್ತೆ ಅನ್ನೋ ಭಯಕ್ಕೆ. ಓಡಿದರೆ ಆ ಭಯ ಹೋಗುತ್ತಾ? ಸ್ವಲ್ಪ ದಿನ ಟೆನಿಸ್ ಬಾಲ್ ಕೊಡು. ಗ್ಲೌಸ್ ಇಲ್ಲದೆ ಎರಡೂ ಕೈಯಲ್ಲಿ ಹಿಡಿಯಲಿ. ಆಮೇಲೆ ಗ್ಲೌಸ್, ಆಮೇಲೆ ನಿಜವಾದ ಬಾಲ್. 12 ಇಂಚು ಸುತ್ತಳತೆಯ ಆ ಬಾಲ್ ಮಕ್ಕಳ ಅಂಗೈಗೆ ದೊಡ್ಡದು, ಗಟ್ಟಿ ಬೇರೆ. ಅಮೆರಿಕದಲ್ಲಿ ಹತ್ತು ವರ್ಷದೊಳಗಿನ ಹುಡುಗಿಯರಿಗೆ 11 ಇಂಚಿನ ಬಾಲ್ ಕೊಟ್ಟು, 35 ಅಡಿ ದೂರದಿಂದ ಎಸೆಯಲು ಹೇಳುತ್ತಾರೆ. ಹನ್ನೆರಡರೊಳಗಿನವರಿಗೆ 40 ಅಡಿ. ದೊಡ್ಡ ಹೆಂಗಸರ ಪಂದ್ಯದಲ್ಲಿ 43 ಅಡಿ. ನೀನು ಮೊದಲ ದಿನವೇ 43 ಅಡಿಗೆ ಸುಣ್ಣದ ಗೆರೆ ಎಳೆದಿದ್ದೀಯಂತೆ. ಆ ಗೆರೆಯನ್ನು ಹತ್ತಿರಕ್ಕೆ ತಾ.

ಪುಟ್ಟಿ ಚೆನ್ನಾಗಿ ಎಸೆಯುತ್ತಾಳೆ ಅಂತ ದಿನಾ ಅವಳ ಕೈಯಲ್ಲೇ ಎಸೆಸಬೇಡ. ಕೆಳಗಿನಿಂದ ಎಸೆಯುವುದರಿಂದ ಭುಜಕ್ಕೆ ಏನೂ ಆಗಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಅದು ತಪ್ಪು. ತೋಳನ್ನು ಪೂರ್ತಿ ಸುತ್ತು ತಿರುಗಿಸಿ ಎಸೆಯುವಾಗ ಭುಜದ ಮೇಲೆ ಬೀಳುವ ಭಾರ ಕಡಿಮೆಯೇನಲ್ಲ. ಜಪಾನಿನ ಯುಕಿಕೊ ಉಯೆನೊ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಎರಡು ದಿನದಲ್ಲಿ 413 ಬಾಲ್ ಎಸೆದು ಚಿನ್ನ ಗೆಲ್ಲಿಸಿದಳು ಅಂತ ನೀನು ಮಕ್ಕಳಿಗೆ ಹೇಳಿರಬಹುದು. ಹೇಳು, ತಪ್ಪಿಲ್ಲ. ಆದರೆ ಆಗ ಅವಳಿಗೆ 26 ವರ್ಷ ಅನ್ನೋದನ್ನೂ ಹೇಳು. 2021ರಲ್ಲಿ ಟೋಕಿಯೊದಲ್ಲಿ ಮತ್ತೆ ಚಿನ್ನ ಬಂದಾಗ 39. ಅಷ್ಟು ವರ್ಷ ಆಡಬೇಕಾದ ತೋಳನ್ನು ಹನ್ನೊಂದರಲ್ಲೇ ಸವೆಸಬಾರದು. ಇನ್ನೂ ಇಬ್ಬರು ಮೂವರು ಹುಡುಗಿಯರಿಗೆ ಪಿಚಿಂಗ್ ಕಲಿಸು. ಪುಟ್ಟಿ ತೋಳಿಗೂ ವಿಶ್ರಾಂತಿ, ಆಡಿಕೊಳ್ಳುವವರ ಬಾಯಿಗೂ ಬೀಗ.

ಯಾರು ಪಿಚರ್, ಯಾರು ಎಷ್ಟನೆಯವಳಾಗಿ ಬ್ಯಾಟ್ ಹಿಡಿಯಬೇಕು ಅನ್ನೋದರಲ್ಲಿ ಪುಟ್ಟಿ ವಿಷಯ ಬಂದಾಗ ನೀನು ನಿರ್ಧಾರ ಮಾಡಬೇಡ. ಶಾಲೆಯ ಪಿ.ಟಿ. ಮಿಸ್ ಇದ್ದಾರಲ್ಲ, ಅವರು ಹೇಳಲಿ. ಅವರು ಪ್ರಾಕ್ಟೀಸಿಗೂ ದಿನಾ ಇರಬೇಕು. ಹುಡುಗಿಯರು ದೊಡ್ಡವರಾಗುವ ವಯಸ್ಸು ಇದು. ಹೊಟ್ಟೆನೋವು ಅಂತ ಒಬ್ಬಳು ಪಕ್ಕಕ್ಕೆ ಕೂತರೆ ಯಾಕೆ ಅಂತ ನಿನ್ನ ಹತ್ತಿರ ಹೇಳಲ್ಲ, ಮಿಸ್ ಹತ್ತಿರ ಹೇಳುತ್ತಾಳೆ. ಪಂದ್ಯಕ್ಕೆ ಬೇರೆ ಊರಿಗೆ ಹೋದಾಗ ಮೊದಲು ನೋಡಬೇಕಾದ್ದು ಮೈದಾನವಲ್ಲ, ಶೌಚಾಲಯ. ನಾನು ಹೆಣ್ಣುಮಕ್ಕಳ ಖೋ-ಖೋ ತಂಡ ಕಟ್ಟಿಕೊಂಡು ಪಾವಗಡ, ಸಿರಾ ಎಲ್ಲ ತಿರುಗಿದ ಮೇಷ್ಟ್ರು. ಬಾಯಾರಿದರೂ ನೀರು ಕುಡಿಯದೆ ಕೂರುವ ಹುಡುಗಿಯರನ್ನು ಕಂಡಿದ್ದೇನೆ. ಕಾರಣ ಅದೇ. ತುಮಕೂರಿನ ಮಾರ್ಚ್ ಬಿಸಿಲಿನಲ್ಲಿ ಹಾಗೆ ಮಾಡಿದರೆ ತಲೆ ತಿರುಗಿ ಬೀಳುತ್ತಾರೆ.

ಆಟದ ವಿಷಯದಲ್ಲಿ ಒಂದೇ ಮಾತು. ನಮ್ಮ ಮಕ್ಕಳು ಕ್ರಿಕೆಟ್ ನೋಡಿ ಬೆಳೆದವರು. ಹೊಡೆದ ಮೇಲೆ ನಿಂತು ಬಾಲ್ ನೋಡುತ್ತಾರೆ. ಕ್ರಿಕೆಟ್ಟಿನಲ್ಲಿ ಬೇಡ ಅನಿಸಿದರೆ ಓಡದೆ ಇರಬಹುದು. ಇಲ್ಲಿ ಬಾಲ್ ಗೆರೆಯೊಳಗೆ ಬಿದ್ದರೆ ಬ್ಯಾಟ್ ಕೆಳಗಿಟ್ಟು ಓಡಲೇಬೇಕು. ಒಳ್ಳೆ ಬಾಲನ್ನು ಹೊಡೆಯದೆ ಸುಮ್ನೆ ಬಿಟ್ಟರೂ ಸ್ಟ್ರೈಕ್, ಅಂದರೆ ಒಂದು ಅವಕಾಶ ಕಳೆದುಕೊಂಡ ಲೆಕ್ಕ. ಈ ಎರಡು ಅಭ್ಯಾಸ ಬಿಡಿಸೋದಕ್ಕೇ ಒಂದು ತಿಂಗಳು ಬೇಕು, ಬೈದರೆ ಎರಡು ತಿಂಗಳು. ಖೋ-ಖೋ ಆಡುವ ಹುಡುಗಿಯರಿದ್ದರೆ ಹುಡುಕಿ ಸೇರಿಸಿಕೋ. ಥಟ್ಟನೆ ಹೊರಡುವುದು, ಬಾಗಿ ತಿರುಗುವುದು ಅವರಿಗೆ ಆಗಲೇ ಬರುತ್ತದೆ. ಒಂದು ಬೇಸಿನಿಂದ, ಅಂದರೆ ಓಡಿ ಮುಟ್ಟಬೇಕಾದ ಜಾಗದಿಂದ, ಇನ್ನೊಂದು ಬೇಸಿಗೆ ಓಡಲು ಬೇಕಾದ್ದು ಅದೇ.

ಮೈದಾನದಲ್ಲಿ ಪುಟ್ಟಿ ನಿನ್ನನ್ನು ಸರ್ ಅನ್ನಬೇಕು ಅಂತ ಕಟ್ಟಳೆ ಮಾಡಿದ್ದೀಯಂತೆ. ಬೇಡಪ್ಪ. ನೀನು ಅವಳ ಅಪ್ಪ ಅನ್ನೋದು ಎಲ್ಲ ಮಕ್ಕಳಿಗೂ ಗೊತ್ತು. ಅಪ್ಪ ಅಂತಲೇ ಕರೆಯಲಿ. ಸ್ಕೂಟರಿನಲ್ಲಿ ಮನೆಗೆ ಬರುವಾಗ ಅವಳು ಬಿಟ್ಟ ಬಾಲಿನ ಮಾತು ಎತ್ತಬೇಡ. ಅವಳೇ ಎತ್ತಿದರೆ ಕೇಳಿಸಿಕೋ. ಕ್ಯಾತ್ಸಂದ್ರಕ್ಕೆ ಕರೆದುಕೊಂಡು ಹೋಗಿ ತಟ್ಟೆ ಇಡ್ಲಿ ಕೊಡಿಸು, ಸೋತ ದಿನವೂ ಕೊಡಿಸು. ಗೆದ್ದ ದಿನ ಮಾತ್ರ ಕೊಡಿಸಿದರೆ ಮಕ್ಕಳು ಬೇಗ ಲೆಕ್ಕ ಹಾಕುತ್ತವೆ.

ಹೈಸ್ಕೂಲು ಸೇರಿದ ಮೇಲೆ ಅವಳನ್ನು ಬೇರೆ ಕೋಚ್ ಕೈಗೆ ಒಪ್ಪಿಸು. ಅದು ಅವಳಿಗೆ ಇಷ್ಟವಾ, ಅಥವಾ ನೀನೇ ಕಲಿಸಬೇಕಾ ಅಂತ ಈಗಲೇ ಅವಳನ್ನೇ ಕೇಳು. ಬ್ಯಾಟ್ ಮಾಡುವವರಿಗೆ ಮುಖದ ಜಾಲರಿ ಇರುವ ಹೆಲ್ಮೆಟ್ ಇನ್ನೂ ಕೊಂಡಿಲ್ಲ ಅಂದೆಯಲ್ಲ, ಅದು ಬರುವವರೆಗೆ ಗಟ್ಟಿ ಬಾಲಿನಲ್ಲಿ ಬ್ಯಾಟಿಂಗ್ ಬೇಡ. ದುಡ್ಡು ಸಾಲದಿದ್ದರೆ ಸಂಕೋಚ ಮಾಡದೆ ಹೇಳು, ಕಳಿಸುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ