ಶಾಲಾ ತಪಾಸಣೆಗೆ ಟೇಪೂ ಬರಲಿ

ಮಾನ್ಯರೆ,

ಕಾಸರಗೋಡಿನ ಶಾಲೆಗಳಲ್ಲಿ ಮಕ್ಕಳ ಎತ್ತರ, ತೂಕ ನೋಡುವಾಗ ಸೊಂಟ ಅಳೆಯಲು ಜತೆಗೊಂದು ಟೇಪೂ ಇರಲಿ. ಕೊಬ್ಬು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿ ಕೂತಿದೆ ಎನ್ನುವುದು ಮುಖ್ಯ. ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ಮಗು ತೂಕದ ಲೆಕ್ಕದಲ್ಲಿ ನುಣುಚಿಕೊಳ್ಳುತ್ತದೆ.

ಸೊಂಟದ ಸುತ್ತಳತೆ ಎತ್ತರದ ಅರ್ಧ ದಾಟಬಾರದು. 140 ಸೆಂ.ಮೀ. ಎತ್ತರದ ಮಗುವಿಗೆ 70 ಸೆಂ.ಮೀ. ಮಿತಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ, ಉಸಿರು ಬಿಟ್ಟಾಗ, ಟೇಪು ಬಿಗಿಯದೆ ಅಳೆಯಬೇಕು. ಯೂನಿಫಾರ್ಮಿನ ಬೆಲ್ಟಿನ ಮೇಲೆ ಅಳೆದರೂ ಮಗು ನಾಚಿ ಹೊಟ್ಟೆ ಒಳಗೆಳೆದುಕೊಂಡರೂ ಅಳತೆ ತಪ್ಪುತ್ತದೆ. ಅಂಕಿಯನ್ನು ತರಗತಿಯೆದುರು ಕೂಗಿ ಹೇಳುವುದಂತೂ ಬೇಡವೇ ಬೇಡ.

ಕುತ್ತಿಗೆಯ ಹಿಂಭಾಗ, ಕಂಕುಳು ಕಪ್ಪಾಗಿ ದಪ್ಪಗಾಗಿದ್ದರೆ ಅದನ್ನು ಕೊಳೆಯೆಂದು ತಿಕ್ಕುವವರೇ ಹೆಚ್ಚು. ಹೊಟ್ಟೆಯೊಳಗೆ, ಯಕೃತ್ತಿನಲ್ಲಿ (ಲಿವರ್) ಕೊಬ್ಬು ತುಂಬಿದಾಗ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ. ಮೇದೋಜ್ಜೀರಕ ಗ್ರಂಥಿ ಇನ್ನಷ್ಟು ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಚರ್ಮದ ಕೋಶಗಳನ್ನು ಬೆಳೆಸಿ ಕಪ್ಪಾಗಿಸುತ್ತದೆ. ಸೋಪಿಗೆ ಅದು ಹೋಗದು, ಹೊಟ್ಟೆ ಇಳಿದರೆ ತಿಳಿಯಾಗುತ್ತದೆ. ಗ್ರಂಥಿ ಹೀಗೆ ದುಡಿಯುವಷ್ಟು ಕಾಲ ಖಾಲಿ ಹೊಟ್ಟೆಯ ಶುಗರ್ ಸರಿಯಾಗಿಯೇ ಕಾಣುವುದರಿಂದ ಆ ಒಂದು ಚೀಟಿ ನೋಡಿ ನಿರಾಳವಾಗಬಾರದು. ಎಚ್‌ಬಿಎ1ಸಿ (ಎರಡು–ಮೂರು ತಿಂಗಳ ಶುಗರ್ ಸರಾಸರಿ; ಶೇ 5.7ರಿಂದ 6.4 ಎಂದರೆ ಮಧುಮೇಹದ ಹೊಸ್ತಿಲು), ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್, ಎಸ್‌ಜಿಪಿಟಿ (ಯಕೃತ್ತಿನ ಪರೀಕ್ಷೆ) ನೋಡಿಸಬೇಕು. ಬಿ.ಪಿ.ಯನ್ನೂ ತೋಳಿಗೆ ಹೊಂದುವ ಪಟ್ಟಿಯಲ್ಲೇ ಅಳೆಯಬೇಕು. ಪಟ್ಟಿ ಚಿಕ್ಕದಾದರೆ ಅಂಕಿ ಹೆಚ್ಚು, ದೊಡ್ಡದಾದರೆ ಕಡಿಮೆ ತೋರುತ್ತದೆ.

ಮಗುವನ್ನು ಉಪವಾಸ ಕೆಡವಬೇಡಿ. ಬೆಳೆಯುವ ವಯಸ್ಸಿನಲ್ಲಿ ತೂಕ ಏರದೆ ನಿಂತರೂ ಅನೇಕ ಮಕ್ಕಳಿಗೆ ಸಾಕು, ಎತ್ತರ ಅದನ್ನು ಸರಿದೂಗಿಸುತ್ತದೆ. ಕುಚ್ಚಿಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯದ ಮೇಲೆ ಗೂಬೆ ಕೂರಿಸುವವರು ಟ್ಯೂಷನ್ ದಾರಿಯ ಬೇಕರಿಯತ್ತ ಕಣ್ಣೆತ್ತಿಯೂ ನೋಡರು! 250 ಮಿ.ಲೀ. ತಂಪು ಪಾನೀಯದಲ್ಲಿ ಸುಮಾರು 25 ಗ್ರಾಂ, ಅಂದರೆ ಆರು ಚಮಚ ಸಕ್ಕರೆ. ಅದರ ಜಾಗಕ್ಕೆ ನೀರುಮಜ್ಜಿಗೆ ಬರಲಿ. ದಿನಕ್ಕೊಂದು ಗಂಟೆ ಬೆವರು ಬರುವಂತೆ ಆಡಲಿ. ಪರೀಕ್ಷೆ ಹತ್ತಿರ ಬಂತೆಂದು ಪಿ.ಟಿ. ಪೀರಿಯಡನ್ನು ಗಣಿತಕ್ಕೆ ಕೊಡುವ ಅಭ್ಯಾಸ ನಿಲ್ಲಲಿ.

ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವೇ ಇದೆ. ಮುಂದಿನ ಪಿಟಿಎ (ಪಾಲಕ–ಶಿಕ್ಷಕ ಸಂಘ) ಸಭೆಯಲ್ಲಿ ಆ 50 ಮೀಟರನ್ನೂ ಅಳೆಯುವ ತೀರ್ಮಾನವಾಗಲಿ.

– ಮಕ್ಕಳ ವೈದ್ಯೆ, ಬದಿಯಡ್ಕ