ಬಿ.ಆರ್ಕ್ ಸೀಟಿಗೆ ಮೊದಲು ಕಂತಿನ ಲೆಕ್ಕ ಹಾಕಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಶಿಕ್ಷಣ ಪುಟದಲ್ಲಿ ಬಿ.ಆರ್ಕ್, ಅಂದರೆ ಕಟ್ಟಡ ವಿನ್ಯಾಸ ಕಲಿಸುವ ಆರ್ಕಿಟೆಕ್ಚರ್ ಕೋರ್ಸಿನ ಬಗ್ಗೆ ಬಂದ ಬರಹ ಓದಿದೆ. ಪ್ರವೇಶಕ್ಕೆ ಬರೆಯುವ ನಾಟಾ ಪರೀಕ್ಷೆ, ಸೀಟು ಹಂಚುವ ಕೆಇಎ ಕೌನ್ಸೆಲಿಂಗ್, ಫೀಸು, ಎಲ್ಲಾ ಇತ್ತು. ಐದು ವರ್ಷ ಓದಿ ಹೊರಗೆ ಬಂದ ಮೇಲೆ ಮೊದಲ ಸಂಬಳ ಎಷ್ಟು ಎನ್ನುವುದು ಮಾತ್ರ ಇರಲಿಲ್ಲ. ಸಾಲ ಮಾಡಿ ಓದಿಸುವವರಿಗೆ ಮೊದಲು ಬೇಕಾದದ್ದು ಅದೇ ಅಲ್ವಾ?

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಎರಡು ಎಕರೆ ತೋಟ. ಮಗಳು ಬೆಂಗಳೂರಿನಲ್ಲಿ ಬಿ.ಆರ್ಕ್ ಮುಗಿಸಿ ಎರಡು ವರ್ಷ ಆಯಿತು. ಎಂಟು ಲಕ್ಷ ಸಾಲ ತೆಗೆದೆವು. ಏಳೂವರೆ ಲಕ್ಷ ದಾಟಿದ್ದರಿಂದ ಬ್ಯಾಂಕಿನವರು ಅಡಮಾನ ಕೇಳಿದರು, ಪೇಟೆಯಲ್ಲಿದ್ದ ಸೈಟಿನ ಪತ್ರ ಕೊಟ್ಟೆವು. ಓದುವ ಐದು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ ಎಂದಾಗ ನಿರಾಳ ಅನ್ನಿಸಿತು. ಅಷ್ಟೂ ಕಾಲ ಬಡ್ಡಿ ಓಡುತ್ತಲೇ ಇರುತ್ತದೆ ಎನ್ನುವುದನ್ನು ನಾನು ಕೂತು ಲೆಕ್ಕ ಹಾಕಲಿಲ್ಲ.

ಈಗ ಹಾಕಿದ್ದೇನೆ, ನೋಡಿ. ವರ್ಷಕ್ಕೆ 1.60 ಲಕ್ಷದಂತೆ ಐದು ವರ್ಷ ಸಾಲ, ಶೇ 10 ಬಡ್ಡಿ. ಕಂತು ಶುರುವಾಗುವ ಹೊತ್ತಿಗೆ ಸರಳ ಬಡ್ಡಿಯೇ 3.20 ಲಕ್ಷ. ಎಂಟು ಲಕ್ಷ ಹನ್ನೊಂದು ಲಕ್ಷದ ಮೇಲಾಯಿತು. ಹತ್ತು ವರ್ಷಕ್ಕೆ ತೀರಿಸುವುದಾದರೆ ತಿಂಗಳಿಗೆ ಸುಮಾರು 14,800 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದರೆ 12,000ಕ್ಕೆ ಇಳಿಯುತ್ತದೆ, ಆದರೆ ಕಟ್ಟುವ ಒಟ್ಟು ದುಡ್ಡು 21 ಲಕ್ಷ ದಾಟುತ್ತದೆ.

ಮಗಳಿಗೆ ಮೊದಲು ಸಿಕ್ಕ ಸಂಬಳ 18,000. ಈಗ 23,000. ಪಿಜಿಗೆ ಊಟ ಸೇರಿ 9,000 ಹೋಗುತ್ತದೆ. ಪ್ರತಿ ತಿಂಗಳು ಮೂರನೇ ತಾರೀಕಿನ ಸುಮಾರಿಗೆ ಅವಳ ಫೋನು ಬರುತ್ತದೆ, "ಅಪ್ಪಾ, ಈ ಸಲ ಸ್ವಲ್ಪ ಹಾಕ್ತೀಯಾ" ಅಂತ. ಹಾಕುತ್ತೇನೆ. ಅಡಿಕೆಗೆ ಕೊಳೆ ರೋಗ, ಎಲೆಚುಕ್ಕೆ ರೋಗ ಎರಡೂ ಒಟ್ಟಿಗೆ ಬಂದ ವರ್ಷ ಮಾತ್ರ ಕಷ್ಟ.

ಫೀಸಿನ ಪಟ್ಟಿಯಲ್ಲಿ ಇಲ್ಲದ ಖರ್ಚೂ ಇದೆ. ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪಿಗೆ 75,000 ಕೊಟ್ಟೆವು. ಜ್ಯೂರಿ, ಅಂದರೆ ಮಕ್ಕಳು ಮಾಡಿದ ವಿನ್ಯಾಸವನ್ನು ಪರೀಕ್ಷಕರು ನೋಡುವ ದಿನ, ಬಂದಾಗಲೆಲ್ಲಾ ದೊಡ್ಡ ಶೀಟುಗಳ ಪ್ರಿಂಟು, ಮಾಡೆಲ್ಲಿಗೆ ಫೋಮ್ ಬೋರ್ಡು, ತೆಳು ಮರ, ಅಂಟು. ಒಂದು ಸೆಮಿಸ್ಟರ್ ಪೂರ್ತಿ ಆಫೀಸಿನಲ್ಲಿ ತರಬೇತಿ. ಅವಳಿಗೆ ಅಲ್ಲಿ ತಿಂಗಳಿಗೆ 5,000 ಕೊಟ್ಟರು, ಆ ಸೆಮಿಸ್ಟರಿನ ಫೀಸು ನಾವು ಕಟ್ಟಿಯೇ ಇದ್ದೆವು.

ಹಾಗಂತ ಈ ಓದು ಬೇಡ ಎಂದು ನಾನು ಹೇಳುತ್ತಿಲ್ಲ. ಅವಳ ಥೀಸಿಸ್ಸಿನ ಮಾಡೆಲ್ ನಮ್ಮ ಜಗಲಿಯ ಮೇಲಿದೆ. ಅಡಿಕೆ ಬೇಯಿಸಿ ಒಣಗಿಸುವುದಕ್ಕೆ ಒಂದು ಕಟ್ಟಡ, ಜಂಬಿಟ್ಟಿಗೆ ಗೋಡೆ, ಹೆಂಚಿನ ಮಾಡು. ನಮ್ಮ ಮಳೆಗೆ ಸೂರು ಎಷ್ಟು ಮುಂದೆ ಚಾಚಬೇಕು ಎಂದು ನನ್ನನ್ನೇ ಕೇಳಿ ಅಳತೆ ಹಾಕಿದ್ದಳು. ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಳು. ನಮ್ಮ ಕಡೆ ಟೆರೇಸ್ ಹಾಕಿಸಿ, ಎರಡೇ ಮಳೆಗಾಲಕ್ಕೆ ಸೋರಿ, ಮತ್ತೆ ಅದರ ಮೇಲೆ ಶೀಟು ಹೊದಿಸಿದ ಮನೆಗಳು ಎಷ್ಟಿವೆ ಎಂದು ನೋಡಿದರೆ ಇಂಥ ಮಕ್ಕಳು ನಮಗೆ ಎಷ್ಟು ಬೇಕು ಎಂದು ಗೊತ್ತಾಗುತ್ತದೆ.

ಆದರೂ ಮನೆ ಕಟ್ಟಿಸುವವರು ಮೇಸ್ತ್ರಿ, ಹೆಚ್ಚೆಂದರೆ ಇಂಜಿನಿಯರ್ ಹತ್ತಿರ ಹೋಗುತ್ತಾರೆ. ಪ್ಲಾನಿಗೆ ಬೇರೆ ದುಡ್ಡು ಯಾಕೆ ಎನ್ನುತ್ತಾರೆ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಕಾಯುವುದು ಆರ್ಕಿಟೆಕ್ಟ್ ಎಂಬ ಹೆಸರನ್ನು ಮಾತ್ರ, ಆ ಕೆಲಸವನ್ನು ಬೇರೆಯವರೂ ಮಾಡಬಹುದು. ಸುಪ್ರೀಂ ಕೋರ್ಟ್ 2020ರಲ್ಲಿ ಅದನ್ನೇ ಹೇಳಿದೆ. ಹೀಗಿರುವಾಗ ಹೊಸಬರಿಗೆ ಆಫೀಸಿನವರು ಜಾಸ್ತಿ ಕೊಡುವುದು ಕಷ್ಟ. ಸ್ವಂತ ಹೆಸರು ಮಾಡಿ ಕೆಲಸ ಹಿಡಿಯುವುದಕ್ಕೆ ವರ್ಷಗಳೇ ಬೇಕು, ಬ್ಯಾಂಕು ಕಾಯುವುದು ಒಂದೇ ವರ್ಷ. ಮೊದಲ ಐದು ವರ್ಷ ಸಣ್ಣ ಕಂತು, ಆಮೇಲೆ ದೊಡ್ಡದು ಎನ್ನುವ ವ್ಯವಸ್ಥೆಯನ್ನು ಬ್ಯಾಂಕಿನವರು ಇಂಥ ಕೋರ್ಸುಗಳಿಗೆ ತಾವಾಗಿಯೇ ಮಾಡಿಕೊಡಬೇಕು.

ಈ ವರ್ಷ ಸೀಟು ಹಿಡಿಯಲು ಹೊರಟಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಕಾಲೇಜಿನ ಬ್ರೋಷರ್ ನಂಬಿ ಸುಮ್ನೆ ಸಹಿ ಹಾಕಬೇಡಿ. ಅದೇ ಕಾಲೇಜಿನಲ್ಲಿ ಓದಿ ಎರಡು ವರ್ಷ ಆದ ಮಕ್ಕಳನ್ನು ಹುಡುಕಿ ಸಂಬಳ ಕೇಳಿ. ಮನೆಯ ವರ್ಷದ ಆದಾಯ 4.5 ಲಕ್ಷದ ಒಳಗಿದ್ದರೆ ಕೇಂದ್ರದ ಬಡ್ಡಿ ಸಹಾಯ ಸಿಗುತ್ತದಾ ಎಂದು ಬ್ಯಾಂಕಿನಲ್ಲಿ ವಿಚಾರಿಸಿ. ಆಗುವುದಾದರೆ ಓದುವಾಗಲೇ ತಿಂಗಳ ಬಡ್ಡಿಯಷ್ಟಾದರೂ ಕಟ್ಟಿಕೊಂಡು ಹೋಗಿ, ನಾವು ಹಾಗೆ ಮಾಡಿದ್ದರೆ ಆ 3.20 ಲಕ್ಷ ತಲೆ ಮೇಲೆ ಬರುತ್ತಿರಲಿಲ್ಲ.

ಸಂಪಾದಕರೇ, ಮುಂದಿನ ಸಲ ಕಾಲೇಜುಗಳ ಪಟ್ಟಿ ಹಾಕುವಾಗ ಫೀಸಿನ ಪಕ್ಕದಲ್ಲೇ ಮೊದಲ ವರ್ಷದ ಸಂಬಳವನ್ನೂ ಕೇಳಿ ಹಾಕಿ. ಕೊಡದ ಕಾಲೇಜಿನ ಎದುರು ಜಾಗ ಖಾಲಿ ಬಿಡಿ. ನಮ್ಮ ಮನೆಯ ಲೆಕ್ಕದ ಹಾಳೆ ಬೇಕಿದ್ದರೆ ಕಳಿಸಿಕೊಡುತ್ತೇನೆ. ಮಗಳೂ ಒಪ್ಪಿದ್ದಾಳೆ.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು