ನೌರು ಖಾಲಿಯಾಯಿತು: ಜೊತೆಗೆ ನಿಂತ ಎಲ್ಲರಿಗೂ ನಮಸ್ಕಾರ

ಸ್ನೇಹಿತರೇ,

ಪೆಸಿಫಿಕ್ ಸಾಗರದ ಪುಟ್ಟ ದೇಶ ನೌರು ದ್ವೀಪದಲ್ಲಿ ಉಳಿದಿದ್ದ ಕೊನೆಯ ನಿರಾಶ್ರಿತರನ್ನು 2023ರ ಜೂನ್ ಕೊನೆಯಲ್ಲಿ ಆಸ್ಟ್ರೇಲಿಯಾಕ್ಕೆ ಕರೆತಂದರು. ದೋಣಿಯಲ್ಲಿ ಬಂದವರಿಗೆ ಈ ದೇಶದಲ್ಲಿ ನೆಲೆಯಿಲ್ಲ ಎಂದು ಸರ್ಕಾರ ಘೋಷಿಸಿದ್ದು 2013ರ ಜುಲೈ 19ರಂದು. ಆಮೇಲೆ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ನೌರುವಿಗೆ ಮತ್ತು ಪಪುವಾ ನ್ಯೂಗಿನಿಯ ಮಾನುಸ್ ದ್ವೀಪಕ್ಕೆ ಸಾಗಿಸಿ ಬಂಧನ ಕೇಂದ್ರಗಳಲ್ಲಿಟ್ಟರು. ಅವರು ಮಾಡಿದ್ದು ಆಶ್ರಯ ಕೇಳಿದ್ದು, ಅಷ್ಟೇ. ನೌರು ಖಾಲಿಯಾಗಲು ಹತ್ತು ವರ್ಷ ಹಿಡಿಯಿತು. ಮೆಲ್ಬರ್ನ್‌ನ ಕನ್ನಡದ ಗೆಳೆಯರೂ ಈ ದಾರಿಯಲ್ಲಿ ಜೊತೆಗಿದ್ದರು, ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಬಾಯಿ ಬಿಟ್ಟು ಹೇಳಿದವರಿಗೆ. ನೌರು ಇರುವುದೇ 21 ಚದರ ಕಿಲೋಮೀಟರ್. ಪತ್ರಕರ್ತರಿಗೆ ಅಲ್ಲಿಗೆ ಹೋಗಲು ವೀಸಾ ಸಿಗುವುದೇ ದುರ್ಲಭ. ಅಲ್ಲಿನ ಕೇಂದ್ರದಲ್ಲಿ ದುಡಿದ ನರ್ಸುಗಳು, ಶಿಕ್ಷಕರು, ಸಮಾಜ ಕಾರ್ಯಕರ್ತರು ಹೇಳದಿದ್ದರೆ ಬೂಸ್ಟು ಹಿಡಿದ ಡೇರೆಗಳ ವಿಷಯ ನಮಗೆ ತಿಳಿಯುತ್ತಲೇ ಇರಲಿಲ್ಲ. ಊಟ ಬಿಟ್ಟು, ಮಾತು ಬಿಟ್ಟು, ಹಾಸಿಗೆಯಿಂದ ಏಳುವುದನ್ನೇ ಬಿಟ್ಟ ಮಕ್ಕಳ ವಿಷಯವೂ ಅಷ್ಟೇ. 2015ರ ಕಾಯ್ದೆಯ ಪ್ರಕಾರ ಹಾಗೆ ಹೊರಗೆ ಹೇಳಿದವರಿಗೆ ಎರಡು ವರ್ಷ ಜೈಲು ಆಗಬಹುದಿತ್ತು. ಆದರೂ ಹೇಳಿದರು. ವೈದ್ಯರು ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2016ರಲ್ಲಿ, ವೈದ್ಯಕೀಯ ಸಿಬ್ಬಂದಿಯನ್ನು ಆ ಕಾಯ್ದೆಯಿಂದ ಹೊರಗಿಟ್ಟರು.

ಬ್ರಿಸ್ಬೇನ್‌ನ ಲೇಡಿ ಸಿಲೆಂಟೊ ಮಕ್ಕಳ ಆಸ್ಪತ್ರೆಯ ವೈದ್ಯರನ್ನಂತೂ ನಾನು ಮರೆಯುವುದಿಲ್ಲ. 2016ರ ಫೆಬ್ರುವರಿಯಲ್ಲಿ, ಸುಟ್ಟಗಾಯದಿಂದ ನೌರುವಿನಿಂದ ಬಂದಿದ್ದ ಒಂದು ಹಸುಗೂಸನ್ನು ಡಿಸ್ಚಾರ್ಜ್ ಮಾಡಲು ಅವರು ಒಪ್ಪಲಿಲ್ಲ. ಮಗುವಿಗೆ ತಕ್ಕ ಮನೆ ಸಿಗುವವರೆಗೆ ಕಳಿಸುವುದಿಲ್ಲ ಎಂದರು. ಊರಿನ ಜನ ಹಗಲೂ ರಾತ್ರಿ ಆಸ್ಪತ್ರೆಯ ಹೊರಗೆ ಕಾವಲು ನಿಂತರು. ಮಗು ನೌರುವಿಗೆ ವಾಪಸ್ ಹೋಗಲಿಲ್ಲ.

2018ರಲ್ಲಿ ಒಂದೊಂದು ಮಗುವಿಗೂ ಚಿಕಿತ್ಸೆಗೆ ಆಸ್ಟ್ರೇಲಿಯಾಕ್ಕೆ ಕರೆತರುವಂತೆ ಫೆಡರಲ್ ಕೋರ್ಟಿನಿಂದ ತುರ್ತು ಆದೇಶ ತರಲು ನಿದ್ದೆಗೆಟ್ಟು ದುಡಿದ ವಕೀಲರಿಗೆ ಎಷ್ಟು ಕೈ ಮುಗಿದರೂ ಸಾಲದು. 2019ರ ಫೆಬ್ರುವರಿ ಹೊತ್ತಿಗೆ ನೌರುವಿನಲ್ಲಿ ಆ ಮಕ್ಕಳಲ್ಲಿ ಒಬ್ಬರೂ ಉಳಿದಿರಲಿಲ್ಲ. ಅದೇ ತಿಂಗಳು, ರೋಗಿಗಳನ್ನು ಕರೆತರಬೇಕೆ ಎಂಬುದನ್ನು ವೈದ್ಯರ ಮಾತಿಗೆ ಬಿಡುವ ಮೆಡಿವ್ಯಾಕ್ ಮಸೂದೆ ಕೆಳಮನೆಯಲ್ಲಿ 75–74ರಲ್ಲಿ ಪಾಸಾಯಿತು. ಒಂದೇ ಒಂದು ಮತ! ಅದಕ್ಕಾಗಿ ಹೋರಾಡಿದ ಆಗಿನ ಪಕ್ಷೇತರ ಸಂಸದೆ ಕೆರಿನ್ ಫೆಲ್ಪ್ಸ್ ಅವರಿಗೆ ಧನ್ಯವಾದ. ವರ್ಷ ಮುಗಿಯುವುದರೊಳಗೆ ಆ ಕಾನೂನನ್ನು ರದ್ದು ಮಾಡಿದರು, ಆದರೆ ಅಷ್ಟರಲ್ಲಿ ಬಂದವರು ಬದುಕಿಕೊಂಡರು.

ಬಂದವರಲ್ಲಿ ಹಲವರನ್ನು ಮತ್ತೆ ಹೋಟೆಲುಗಳಲ್ಲಿ ಕೂಡಿಹಾಕಿದರು. ಮೆಲ್ಬರ್ನ್‌ನ ಕಾರ್ಲ್ಟನ್‌ನಲ್ಲಿದ್ದ ಪಾರ್ಕ್ ಹೋಟೆಲ್ ಮುಂದೆ ನಿಲ್ಲುತ್ತಿದ್ದವರಿಗೆ ಆ ಗಾಜು ನೆನಪಿರುತ್ತದೆ. ಒಳಗಿದ್ದವರು ಮೊಬೈಲ್ ಬೆಳಕು ಆಡಿಸಿದಾಗ ಮಾತ್ರ ಯಾವ ಕಿಟಕಿಯಲ್ಲಿ ಯಾರಿದ್ದಾರೆ ಎಂದು ಗೊತ್ತಾಗುತ್ತಿತ್ತು. ಅಲ್ಲಿಂದ ಫೋನ್ ಮಾಡಿದರೆ ನಾವು ಮೈಕಿಗೆ ಹಿಡಿಯುತ್ತಿದ್ದೆವು. ಬೆಂಗಳೂರಿನಿಂದ ಮಗಳ ಮನೆಗೆ ಬಂದಿದ್ದ ಅಮ್ಮ ಒಬ್ಬರು, ಸೀರೆಯ ಮೇಲೆ ಅಳಿಯನ ಜಾಕೆಟ್ ಹಾಕಿಕೊಂಡು, ಡಬ್ಬಿ ತುಂಬ ಚಿತ್ರಾನ್ನ ತಂದು ನಿಂತವರಿಗೆಲ್ಲ ಬಡಿಸಿದರು. ಅಮ್ಮಾ, ನೀವು ಕೇಳಿದಿರಲ್ಲ, "ಆ ಹುಡುಗರ ತಾಯಂದಿರು ಎಲ್ಲಿದ್ದಾರೆ?" ಎಂದು. ಉತ್ತರ ಕೊಡಲು ನಮಗಾರಿಗೂ ಬಾಯಿ ಬರಲಿಲ್ಲ. 2022ರ ಏಪ್ರಿಲ್‌ನಲ್ಲಿ ಅವರನ್ನೆಲ್ಲ ಹೊರಗೆ ಬಿಟ್ಟಾಗ ಹಾಸಿಗೆ, ಕುಕ್ಕರ್, ಚಳಿಗಾಲದ ಬಟ್ಟೆ ಹೊಂದಿಸಿಕೊಟ್ಟ ಕನ್ನಡದ ಮನೆಗಳಿಗೂ ನನ್ನ ಕೃತಜ್ಞತೆ.

ವರ್ಷಕ್ಕೆ 150 ಜನರನ್ನು ಕರೆದುಕೊಳ್ಳುತ್ತೇವೆ ಎಂದು 2013ರಲ್ಲೇ ಹೇಳಿದ್ದ ನ್ಯೂಜಿಲೆಂಡಿಗೆ ಧನ್ಯವಾದ. ನಮ್ಮ ಸರ್ಕಾರ ಹೂಂ ಎನ್ನಲು 2022 ಆಯಿತು. ಮಾನುಸ್‌ನ ಒಳಗಿಂದಲೇ ವಾಟ್ಸಾಪ್ ಸಂದೇಶಗಳಲ್ಲಿ ಜಗತ್ತಿಗೆ ಬರೆದ ಇರಾನಿನ ಕುರ್ದಿಶ್ ಪತ್ರಕರ್ತ ಬೆಹ್ರೂಜ್ ಬೂಚಾನಿ ಅವರಿಗೂ, ಹೆಸರು ಹೇಳದೆ ಫೋಟೋ ಕಳಿಸಿದ ಎಲ್ಲರಿಗೂ ನಮಸ್ಕಾರ.

ಈ ಸಂತೋಷ ನೋಡಲು ರೆಜಾ ಬರಾತಿ ಇಲ್ಲ. 2014ರ ಫೆಬ್ರುವರಿಯಲ್ಲಿ ಮಾನುಸ್ ಕೇಂದ್ರದೊಳಗೇ ಅವರನ್ನು ಹೊಡೆದು ಕೊಂದರು. ಮಾನುಸ್‌ನಲ್ಲೇ ಇದ್ದ ಹಮೀದ್ ಖಜಾಯಿ ಇಲ್ಲ. ಕಾಲಿನ ಸೋಂಕಿಗೆ ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿದ್ದರೆ ಬದುಕುತ್ತಿದ್ದರು ಎಂದು ಅವರ ಸಾವಿನ ಅಧಿಕೃತ ವಿಚಾರಣೆಯೇ ಹೇಳಿತು. ಅವರ ಮನೆಯವರ ಮುಂದೆ ತಲೆಬಾಗುತ್ತೇನೆ.

ಪಪುವಾ ನ್ಯೂಗಿನಿಯಲ್ಲಿ ಇನ್ನೂ ಹಲವರು ಉಳಿದಿದ್ದಾರೆ. ಇಲ್ಲಿಗೆ ಬಂದವರ ಕೈಯಲ್ಲಿರುವುದು ತಾತ್ಕಾಲಿಕ ವೀಸಾ. 2023ರಲ್ಲಿ ಎಲ್ಲರನ್ನೂ ಕರೆತಂದ ಮೇಲೂ ನೌರುವಿನ ಕೇಂದ್ರವನ್ನು ಸರ್ಕಾರ ಮುಚ್ಚಲಿಲ್ಲ, ಹಣ ಸುರಿದು ಸಿದ್ಧವಾಗಿಟ್ಟಿತು. ನಿಮ್ಮ ಕ್ಷೇತ್ರದ ಸಂಸದರಿಗೆ ಪತ್ರ ಬರೆಯುವುದನ್ನು ದಯವಿಟ್ಟು ನಿಲ್ಲಿಸಬೇಡಿ. ಬರೆಯಲು ನೆರವು ಬೇಕಾದವರು ನನಗೆ ಹೇಳಿ, ಒಟ್ಟಿಗೆ ಕೂತು ಬರೆಯೋಣ.